ಬಾಡಿಗೆಯ ಮನೆಯೂ ವಿಮೆಯ ಹೊಣೆಯೂ

“ಮನೆ ಧನಿಗಳದು, ನಷ್ಟವಾದರೆ ಅದೂ ಅವರದೇ” ಎಂಬ ಮಾತು ಬಿಡಾರದಲ್ಲಿರುವ ಗೃಹಸ್ಥರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದವರು ಆಪತ್ಕಾಲದಲ್ಲಿ ಪರಿತಪಿಸಬೇಕಾಗುವುದು. ಆದಕಾರಣ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇವೆ.

ಮೆಲ್ಕಾರು, ಪಾಣೆಮಂಗಳೂರು, ಬಂಟ್ವಾಳಗಳ ಕಡೆಯ ಜನರಿಗೆ ನೇತ್ರಾವತಿಯ ನೆರೆ ಹೊಸತಲ್ಲ. 1923ರ ನೆರೆಯ ಸುದ್ದಿಯನ್ನು ಹಿರಿಯರಿಂದ ಕೇಳಿದವರೂ, 1974ರ ಜುಲೈ ತಿಂಗಳಲ್ಲಿ ಬಂಟ್ವಾಳ ಪೇಟೆಯು ಮುಳುಗಿದುದನ್ನು ಕಣ್ಣಾರೆ ಕಂಡವರೂ ಇಲ್ಲಿದ್ದಾರೆ. 2019ರ ಆಗಸ್ಟಿನಲ್ಲಿಯೂ ನೀರು ತಗ್ಗಿನ ಮನೆಗಳನ್ನು ಹೊಕ್ಕಿತು. ನೆರೆಗೆ ಧನಿ, ಬಾಡಿಗೆದಾರ ಎಂಬ ಭೇದವಿಲ್ಲ; ನಷ್ಟದ ಲೆಕ್ಕಕ್ಕೆ ಮಾತ್ರ ಆ ಭೇದವುಂಟು.

ಮುರಕಲ್ಲಿನ ಗೋಡೆ, ಹಂಚು, ಪಕ್ಕಾಸುಗಳು ಧನಿಯ ಸೊತ್ತು. ಅವುಗಳ ವಿಮೆಯನ್ನು ಮಾಡಿಸತಕ್ಕವನು ಆತನೇ. ಕಪಾಟು, ಹಾಸಿಗೆ, ಪಾತ್ರೆಪಗಡಿ, ಹೊಲಿಗೆಯ ಯಂತ್ರ, ಮಕ್ಕಳ ಪುಸ್ತಕಗಳು ಬಾಡಿಗೆದಾರನವು. ಧನಿಯು ತನ್ನ ಮನೆಗೆ ಎಷ್ಟೇ ದೊಡ್ಡ ವಿಮೆಯನ್ನು ಮಾಡಿಸಿದ್ದರೂ ಅದರಿಂದ ಬಾಡಿಗೆದಾರನ ಒಂದು ಚಾಪೆಗೂ ಪರಿಹಾರ ದೊರೆಯದು.

1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣವು ಈ ಸಂಬಂಧವನ್ನು ವಿವರಿಸುತ್ತದೆ. ಕರಾರಿನಲ್ಲಿ ಬೇರೆ ವಿಧದ ಒಪ್ಪಂದವಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು. ಸಹಜವಾದ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ಆತನು ಹೊಣೆಯಲ್ಲ. ಬೆಂಕಿ, ಬಿರುಗಾಳಿ, ನೆರೆಗಳಿಂದ ಮನೆಯು ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ, ಗೇಣಿಯ ಕರಾರನ್ನು ಮುರಿಯುವ ಹಕ್ಕು ಆತನಿಗುಂಟು. ಆದರೆ ಹಾನಿಯು ಆತನದೇ ತಪ್ಪಿನಿಂದ ಆಗಿದ್ದರೆ ಆ ಹಕ್ಕು ಇಲ್ಲ. ಒಲೆಯನ್ನು ಉರಿಯಬಿಟ್ಟು ಹೊರಗೆ ಹೋದುದರಿಂದ ಅಡುಗೆಯ ಮನೆ ಸುಟ್ಟಿತೆನ್ನಿರಿ. ಧನಿಗೆ ಹಣವನ್ನು ತೆತ್ತ ವಿಮಾ ಕಂಪೆನಿಯು ಧನಿಯ ಸ್ಥಾನದಲ್ಲಿ ನಿಂತು, ಅದನ್ನು ಬಾಡಿಗೆದಾರನಿಂದ ವಸೂಲು ಮಾಡಲು ಬರಬಹುದು. ಮುಂಗಡವಾಗಿ ಕೊಟ್ಟ ಹಣವು ಇದಕ್ಕೆ ಸಾಲುವುದೆಂದು ನಂಬುವಂತಿಲ್ಲ.

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ವಿಮೆಯು ಜಾರಿಗೆ ಬಂದಿದೆ. ಕಟ್ಟಡವನ್ನು ಬಿಟ್ಟು ಮನೆಯೊಳಗಿನ ಸಾಮಾನಿಗೆ ಮಾತ್ರ ಇದನ್ನು ಮಾಡಿಸಲು ಅವಕಾಶವಿದೆ. ಬಿಡಾರದವರಿಗೆ ಬೇಕಾದುದು ಇದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತಗಳು ಇದರಲ್ಲಿ ಸೇರಿವೆ. ಆದರೆ ಕಳ್ಳತನವು, ಇಂತಹ ಅನಾಹುತದ ಕಾರಣದಿಂದ ಏಳು ದಿನಗಳೊಳಗಾಗಿ ನಡೆದರೆ ಮಾತ್ರ ಸೇರುವುದು. ಸಾಧಾರಣ ಕನ್ನಕ್ಕೆ ಬೇರೆ ವಿಮೆ ಬೇಕು. ಒಡವೆಗಳನ್ನೂ ಪ್ರತ್ಯೇಕವಾಗಿ ಹೇಳಿ ಸೇರಿಸಬೇಕು.

ಅಡುಗೆಯ ಅನಿಲದ ವಿಷಯದಲ್ಲಿ ಇನ್ನೊಂದು ಮಾತು. ತೈಲ ಕಂಪೆನಿಗಳು ಸಿಲಿಂಡರಿನ ಅಪಘಾತಕ್ಕಾಗಿ ವಿಮೆಯನ್ನು ಮಾಡಿಸಿರುತ್ತವೆ. ಆಸ್ತಿಯ ಹಾನಿಯ ಪರಿಹಾರವು ಗ್ರಾಹಕನ ನೋಂದಾಯಿತ ವಿಳಾಸದ ಮನೆಗೆ ಮಾತ್ರ ಸಲ್ಲುವುದು. ಹಿಂದಿನ ಬಿಡಾರದ ಪುಸ್ತಕವನ್ನೇ ಇಟ್ಟುಕೊಂಡು ಹೊಸ ಮನೆಯಲ್ಲಿ ಸಿಲಿಂಡರು ಹಚ್ಚುವವರು ಇದನ್ನು ಗಮನಿಸಬೇಕು. ಮನೆ ಬದಲಿಸಿದೊಡನೆ ವಿಳಾಸವನ್ನೂ ಬದಲಿಸಿಕೊಳ್ಳುವುದು ಕ್ಷೇಮ.

ಹೊಸ ಮನೆಯನ್ನು ಹೊಕ್ಕ ದಿನವೇ ಧನಿಯ ಸಮಕ್ಷಮದಲ್ಲಿ ಗೋಡೆ, ಮಾಡು, ತಂತಿಗಳ ಸ್ಥಿತಿಯನ್ನು ಬರೆದು, ಇಬ್ಬರೂ ರುಜು ಹಾಕತಕ್ಕದ್ದು. ಸಾಮಾನಿನ ಪಟ್ಟಿಯನ್ನೂ ಖರೀದಿಯ ರಶೀದಿಗಳನ್ನೂ ಬೇರೊಬ್ಬ ಬಂಧುವಿನ ಮನೆಯಲ್ಲಿ ಒಂದು ಪ್ರತಿ ಇರಿಸಬೇಕು. ನೀರು ಬಂದಾಗ ಕಾಗದವೂ ಹೋಗುವುದಷ್ಟೆ. ಮಾಡು ಸೋರಿದರೆ ಬಾಯಿಮಾತಿನಲ್ಲಿ ಬಿಡದೆ ಧನಿಗೆ ಲಿಖಿತವಾಗಿ ತಿಳಿಸಬೇಕು. ಯಾವುದಕ್ಕೆ ಯಾರು ವಿಮೆ ಮಾಡಿಸುವರೆಂಬುದನ್ನು ಕರಾರಿನಲ್ಲಿಯೇ ಬರೆಯಿಸಿದರೆ ಉತ್ತಮ.

ಇದು ಅಪನಂಬಿಕೆಯ ಮಾತೆಂದು ಯಾರೂ ಭಾವಿಸಬಾರದು. ಬರೆದಿಡದ ಕಾರಣದಿಂದಲೇ ಎಷ್ಟೋ ಧನಿಗಳಿಗೂ ಬಿಡಾರದವರಿಗೂ ಮುಖ ನೋಡದಷ್ಟು ಮನಸ್ತಾಪ ಬೆಳೆದುದುಂಟು. ಆಟಿಯ ಮಳೆ ಹಿಡಿಯುವ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ.