ಹಳೆಯ ತೊಲೆಗೆ ಹೊಸ ಕೆಲಸ

ಮಲೆನಾಡಿನಲ್ಲಿ ಹಳೆಯ ಮನೆ ಕೆಡವಿದಾಗ ತೇಗ, ಹೊನ್ನೆ, ಮತ್ತಿಯ ತೊಲೆಗಳು ಅಂಗಳದಲ್ಲಿ ರಾಶಿ ಬೀಳುತ್ತವೆ. ಬಾಗಿಲು, ಕಿಟಕಿಗಳಿಗೆ ಗಿರಾಕಿ ಬೇಗ ಸಿಗುತ್ತಾನೆ. ತುಂಡು ತೊಲೆಗಳು ಎಷ್ಟೋ ಸಲ ಬಚ್ಚಲೊಲೆ ಸೇರುತ್ತವೆ. ಜಾಣ ಬಡಗಿ ಅವುಗಳನ್ನೇ ಆಯ್ದು ತನ್ನ ಕೆಲಸದ ಮೇಜಿಗೆ ಹಲಗೆ ಮಾಡಿಕೊಳ್ಳುತ್ತಾನೆ. ಭಾರವಾದ ಮೇಜು ಕೀಸುಳಿ ತಳ್ಳಿದರೂ, ಕೊಡತಿಯಿಂದ ಬಡಿದರೂ ಅಲುಗದು. ದಶಕಗಟ್ಟಲೆ ಮಾಡಿನಡಿ ಇದ್ದ ಮರದ ಹಸಿಯೂ ಆರಿರುತ್ತದೆ.

ಮೊದಲ ಕೆಲಸ ಮೊಳೆ ಹುಡುಕುವುದು. ಅಡಗಿದ ಒಂದೇ ಮೊಳೆ ಗರಗಸದ ಹಲ್ಲು ಮುರಿಯಬಲ್ಲದು. ಯಂತ್ರದ ಗರಗಸವಾದರೆ ಚೂರು ಸಿಡಿದು ಕಣ್ಣಿಗೇ ಅಪಾಯ. ಇಲ್ಲಿ ಮಕ್ಕಳ ಆಯಸ್ಕಾಂತ ಕೆಲಸಕ್ಕೆ ಬರುತ್ತದೆ. ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿದರೆ ಮೇಲ್ಮೈಗೆ ಹತ್ತಿರವಿರುವ ಕಬ್ಬಿಣದತ್ತ ಅದು ವಾಲುತ್ತದೆ. ಆಳದ ಮೊಳೆಯನ್ನು ಅದು ತೋರಿಸದು. ಅದಕ್ಕೆ ಕಪ್ಪು ಕಲೆಗಳನ್ನೂ ನೋಡಬೇಕು: ಮರದ ಟ್ಯಾನಿನ್ ಕಬ್ಬಿಣದೊಡನೆ ಸೇರಿದಾಗ ಈ ಕಲೆ ಮೂಡುತ್ತದೆ.

ಎಷ್ಟೇ ಹಳೆಯದಾದರೂ ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ವ್ಯತ್ಯಾಸ ತೀರ ಅಲ್ಪ, ಅಡ್ಡಕ್ಕೆ ಹೆಚ್ಚು. 60 ಸೆಂಟಿಮೀಟರ್ ಅಗಲದ ಹಲಗೆ ಕೆಲವು ಮಿಲಿಮೀಟರ್ ಹಿಗ್ಗಬಹುದು. ಆದ್ದರಿಂದ ತುಂಡುಗಳ ನಾರು ಒಂದೇ ದಿಕ್ಕಿಗಿರುವಂತೆ ಅಂಟಿಸಬೇಕು. ಹಲಗೆಯನ್ನು ಕಾಲುಗಳಿಗೆ ಕೂಡಿಸುವ ಅಡ್ಡಪಟ್ಟಿಯಲ್ಲಿ ಸ್ಕ್ರೂಗಳಿಗೆ ದುಂಡು ತೂತಿನ ಬದಲು, ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಕೊರೆಯಬೇಕು. ಅಲುಗಾಡದಂತೆ ಬಿಗಿದರೆ, ತಲೆಮಾರುಗಳ ಕಾಲ ಮಾಡು ಹೊತ್ತ ಮರವೂ ಒಂದೇ ಬೇಸಿಗೆಯಲ್ಲಿ ಸೀಳೀತು!

ಮನೆಯಲ್ಲಿ ಹಳೆಯ ತೊಲೆಯಿದ್ದರೆ ಒಲೆಗೆ ಹಾಕುವ ಮುನ್ನ ಮಕ್ಕಳ ಕೈಗೆ ಆಯಸ್ಕಾಂತ ಕೊಡಿ. ಗರಗಸ ಮಾತ್ರ ಹಿರಿಯರ ಕೈಯಲ್ಲಿರಲಿ.