ಬುಲೆಟ್ಟಿಗೆ ರೋಲರ್, ಟರ್ಬೊ ಕಾರಿಗೆ ಸಲಾಮು

ಕರ್ಕಶ ಸದ್ದಿನ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೊ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ನೋಡಿದರೆ ನನಗೂ ಖುಷಿಯೇ. ನಡುರಾತ್ರಿ ಪಿ.ಬಿ. ರಸ್ತೆಯಲ್ಲಿ ಪಟಾಕಿ ಸಿಡಿಸುತ್ತ ಹೋಗುವ ಬುಲೆಟ್ಟಿಗೆ ಶಾಪ ಹಾಕದವರು ದಾವಣಗೆರೆಯಲ್ಲಿ ಯಾರಿದ್ದಾರೆ? ಆದರೆ ಅಂಥ ಫೋಟೊಗಳಲ್ಲಿ ನಾನು ಕಂಡದ್ದೆಲ್ಲ ಬೈಕಿನ ಸೈಲೆನ್ಸರ್. ಹರಿಹರದ ಕಡೆ ಹೆದ್ದಾರಿಯಲ್ಲಿ ಗುಡುಗುತ್ತ ಓಡುವ ದುಬಾರಿ ಕಾರಿನ ಪೈಪು ಒಂದೂ ಕಣ್ಣಿಗೆ ಬಿದ್ದಿಲ್ಲ.

ಕಾರಿನವರ ತಪ್ಪೇನು ಸಣ್ಣದೇ? ಕೆಲವರು ಸೈಲೆನ್ಸರ್ ಬದಲಿಸಿ ಸುಮ್ಮನಾಗುವುದಿಲ್ಲ, ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತು ನೇರ ಪೈಪು ಕೂರಿಸುತ್ತಾರೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಡಬ್ಬಿ ಕಾರ್ಬನ್ ಮಾನಾಕ್ಸೈಡನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ಬಹುಮಟ್ಟಿಗೆ ಅಲ್ಲೇ ನಿವಾರಿಸುತ್ತದೆ. ಅದು ಹೋದೊಡನೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಸಾಫ್ಟ್‌ವೇರ್ ತಿದ್ದಿಸಿ ಅದರ ಬಾಯಿಯನ್ನೂ ಮುಚ್ಚಿಸುತ್ತಾರೆ. ಹೊಗೆ ಸಲೀಸಾಗಿ ಹೊರಟರೆ ಟರ್ಬೊ ಎಂಜಿನ್ನಿಗೆ ಒಂದಿಷ್ಟು ಬಲ ಹೆಚ್ಚುವುದು ನಿಜ. ಆ ಬಲ ತೋರಿಸುವುದೆಲ್ಲಿ, ಮಂಡಿಪೇಟೆಯ ಇಕ್ಕಟ್ಟಿನಲ್ಲೇ?

‘ನನ್ನ ದುಡ್ಡು, ನನ್ನ ಕಾರು’ ಎನ್ನುವವರಿಗೆ ಒಂದು ಮಾತು. ಕಾರು ನಿಮ್ಮದು, ಗಾಳಿ ನಿಮ್ಮದಲ್ಲ. 1980ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳಕಿನ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಡಿದ ಸೀಮೆ ಇದು. ನೀರು ಕೆಟ್ಟಾಗ ಸುಮ್ಮನಿರದ ಸೀಮೆ ಗಾಳಿ ಕೆಟ್ಟರೆ ಸುಮ್ಮನಿರಬೇಕೇ?

ಕಾನೂನಿಗೆ ಬರವಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ರಡಿ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮಾರ್ಪಡಿಸಿದ ಮಾಲೀಕನಿಗೆ 182ಎ(4)ರಡಿ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಆದರೆ ಈ ಕಲಮುಗಳ ಬೆರಳು ಓಡಿಸುವವನ, ಮಾಲೀಕನ ಕಡೆಗೇ. ಪೈಪು ಮಾರಿದವನೂ ಬೆಸುಗೆ ಹಾಕಿದವನೂ ನಾಳೆ ಇನ್ನೊಂದು ಕಾರನ್ನು ಜಾಕ್ ಮೇಲೆ ಎತ್ತುತ್ತಾರೆ.

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಪೊಲೀಸರೂ ಆರ್‌ಟಿಒದವರೂ ಶಬ್ದಮಾಪಕ ಹಿಡಿದು ಕಾರುಗಳನ್ನೂ ನಿಲ್ಲಿಸಲಿ, ಅಡಿಗೆ ಬಗ್ಗಿ ಕನ್ವರ್ಟರ್ ಇದೆಯೇ ನೋಡಲಿ. ದಾವಣಗೆರೆ ಮಹಾನಗರ ಪಾಲಿಕೆಯೂ ಹರಿಹರ ನಗರಸಭೆಯೂ ಈ ದಂಧೆ ನಡೆಸುವ ಗ್ಯಾರೇಜುಗಳ ಉದ್ದಿಮೆ ಪರವಾನಗಿಯನ್ನು ನವೀಕರಿಸಬಾರದು.