ಸಂಶಯದ ಬೆಲೆ ತೆರುವವರು ಮಕ್ಕಳು

ಪೋಲಿಯೋ ಹನಿಯಿಂದಲೇ ಪೋಲಿಯೋ ಹರಡುತ್ತದೆ ಎಂಬುದು ಲಸಿಕೆ ವಿರೋಧಿಗಳ ಪ್ರಬಲ ವಾದ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅರ್ಧ ಸತ್ಯವು ಅನೇಕ ವೇಳೆ ಸುಳ್ಳಿಗಿಂತಲೂ ಅಪಾಯಕಾರಿ.

ಬಾಯಿಗೆ ಹಾಕುವ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುವಿರುತ್ತದೆ. ಅದು ಮಗುವಿನ ಕರುಳಿನಲ್ಲಿ ಬೆಳೆದು ರೋಗನಿರೋಧಕ ಶಕ್ತಿ ನೀಡುತ್ತದೆ. ಕೆಲವು ವಾರಗಳ ಕಾಲ ಮಲದ ಮೂಲಕ ಹೊರಹೋಗುತ್ತದೆ. ಸುತ್ತಲಿನ ಮಕ್ಕಳೆಲ್ಲರೂ ಲಸಿಕೆ ಪಡೆದಿದ್ದರೆ ಅದರ ಸಂಚಾರ ಅಲ್ಲಿಗೇ ನಿಲ್ಲುತ್ತದೆ. ಲಸಿಕೆ ಪಡೆಯದವರು ಹೆಚ್ಚಿದ್ದು ನೈರ್ಮಲ್ಯವೂ ಇಲ್ಲದಿದ್ದರೆ, ಅದು ತಿಂಗಳುಗಟ್ಟಲೆ ಮಗುವಿನಿಂದ ಮಗುವಿಗೆ ದಾಟುತ್ತಾ, ರೂಪಾಂತರಗೊಂಡು, ಕೈಕಾಲುಗಳ ಸ್ವಾಧೀನ ಕಸಿಯುವ ಶಕ್ತಿಯನ್ನು ಮರಳಿ ಪಡೆಯುತ್ತದೆ.

ಉತ್ತರ ನೈಜೀರಿಯಾದಲ್ಲಿ ಸಂಭವಿಸಿದ್ದು ಇದೇ. ಹನಿಯು ಸಂತಾನಶಕ್ತಿಯನ್ನು ನಾಶಪಡಿಸುತ್ತದೆಂಬ ವದಂತಿಗೆ ಕೆಲವು ಧಾರ್ಮಿಕ ಮುಖಂಡರೂ ದನಿಗೂಡಿಸಿದರು; 2003ರಲ್ಲಿ ಕಾನೋ ರಾಜ್ಯವು ಲಸಿಕಾ ಅಭಿಯಾನವನ್ನೇ ನಿಲ್ಲಿಸಿತು. 1996ರಲ್ಲಿ ಅದೇ ಕಾನೋದಲ್ಲಿ ಫೈಝರ್ ಕಂಪನಿಯು ಮೆದುಳುಜ್ವರ ಪೀಡಿತ ಮಕ್ಕಳ ಮೇಲೆ ನಡೆಸಿದ ಔಷಧ ಪ್ರಯೋಗದ ಕಹಿ ನೆನಪು ಜನರಲ್ಲಿತ್ತು. ಆದ್ದರಿಂದ ಅವರ ಸಂಶಯವನ್ನು ಬರೀ ಅಜ್ಞಾನವೆಂದು ತಳ್ಳಿಹಾಕಲಾಗದು. 2004ರಲ್ಲಿ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ಒಪ್ಪಿಕೊಂಡು ಅಭಿಯಾನ ಪುನರಾರಂಭವಾಯಿತು. ಆದರೆ ಲಸಿಕೆ ತಲುಪದ ಮಕ್ಕಳ ಸಂಖ್ಯೆ ದೊಡ್ಡದಾಗಿಯೇ ಉಳಿದಿತ್ತು. 2005ರಿಂದ 2010ರೊಳಗೆ ಲಸಿಕೆಜನ್ಯ ವೈರಾಣು ಅಲ್ಲಿ 300ಕ್ಕೂ ಅಧಿಕ ಮಕ್ಕಳನ್ನು ಬಾಧಿಸಿತು. ವದಂತಿಗೆ ಮತ್ತಷ್ಟು ಬಲ ಬಂದೀತೆಂದು ಅಂಜಿದ ಆರೋಗ್ಯಾಧಿಕಾರಿಗಳು ಈ ವಿಷಯವನ್ನು ಬಹಿರಂಗಪಡಿಸಲು ತಡಮಾಡಿದರು; 2007ರಲ್ಲಷ್ಟೇ ಅದು ಜಗತ್ತಿಗೆ ತಿಳಿಯಿತು. ಸತ್ಯವನ್ನು ಮುಚ್ಚಿಟ್ಟು ವಿಶ್ವಾಸ ಗಳಿಸಲು ಸಾಧ್ಯವೇ?

ಇದು ಒಂದು ಧರ್ಮದವರ ಸಮಸ್ಯೆಯೂ ಅಲ್ಲ, ಬಡ ದೇಶಗಳದ್ದು ಮಾತ್ರವೂ ಅಲ್ಲ. 2022ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ, ಲಸಿಕೆ ಪಡೆಯದ ಯುವಕನೊಬ್ಬ ಇಂತಹ ವೈರಾಣುವಿನಿಂದಲೇ ಪೋಲಿಯೋಗೆ ತುತ್ತಾದ.

ಇನ್ನು ಗಾಝಾವನ್ನು ನೋಡಿ. ಅಲ್ಲಿ ಲಸಿಕೆಯನ್ನು ತಡೆದದ್ದು ವದಂತಿಯಲ್ಲ, ಯುದ್ಧ. 10 ತಿಂಗಳ ಹಸುಳೆಯೊಂದು ಲಸಿಕೆಜನ್ಯ ಪೋಲಿಯೋದಿಂದ ಕಾಲಿನ ಸ್ವಾಧೀನ ಕಳೆದುಕೊಂಡದ್ದು 2024ರ ಆಗಸ್ಟ್‌ನಲ್ಲಿ ದೃಢಪಟ್ಟಿತು. 25 ವರ್ಷಗಳಲ್ಲಿ ಅಲ್ಲಿ ಕಂಡ ಮೊದಲ ಪ್ರಕರಣವದು. ಸೆಪ್ಟೆಂಬರ್‌ನಲ್ಲಿ ಬಾಂಬ್ ದಾಳಿಗೆ ಅಲ್ಪ ವಿರಾಮ ಸಿಕ್ಕಿದಾಗ, ಮನೆಮಠ ಕಳೆದುಕೊಂಡ ತಂದೆತಾಯಂದಿರು ಐದೂವರೆ ಲಕ್ಷದಷ್ಟು ಮಕ್ಕಳನ್ನು ಕರೆತಂದು ಅದೇ ಹನಿಯನ್ನು ಹಾಕಿಸಿದರು.

2014ರಲ್ಲಿ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆದ ನಮ್ಮ ದೇಶದಲ್ಲಿ ಹನಿಯು ಮನೆಬಾಗಿಲಿಗೇ ಬರುತ್ತದೆ. ಪ್ರಶ್ನೆಗಳಿದ್ದರೆ ವೈದ್ಯರಲ್ಲಿ ಕೇಳೋಣ. ಮರೆಮಾಚದೆ ಉತ್ತರಿಸುವುದು ಅಧಿಕಾರಿಗಳ ಹೊಣೆ. ಮಸೀದಿಯ ಮಿಂಬರ್‌ನಿಂದ ತಿಳಿವಳಿಕೆ ನೀಡುವುದು ಉಲಮಾಗಳ ಹೊಣೆ. ಆದರೆ ಬಾಗಿಲು ತೆರೆಯಬೇಕಾದವರು ನಾವೇ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ ಎಂಬುದನ್ನು ಮರೆಯದಿರೋಣ.